ಸೋಮವಾರದ ಇಳಿಜಾರು

ಕಿರ್ರ್ ಅಂತು ಏನೋ, ಗಾಳಿಗೆ ನೀಲಗಿರಿ ಗಿಡಗಳು ಒಂದಕ್ಕೊಂದು ತಿಕ್ಕಿರಬೇಕು, ಈ ಹೊತ್ತಿನಲ್ಲಿ ಮತ್ತೇನಿರುತ್ತದೆ, ನರಸಿಂಹ ಮಾಸ್ತರ ಮಫ್ಲರನ್ನು ಕಿವಿಯಿಂದ ಸರಿಸಿ ಒಂದು ಗಳಿಗೆ ಆಲಿಸಿದ, ಏನೂ ಇಲ್ಲ, ಮತ್ತೆ ಬಿಗಿದುಕೊಂಡ — ಬಿಳಿ ಟಾವೆಲ್ ಈಗತಾನೇ ಬೀಸಿಯಾಗಿದೆ, ಬಿಳಿ ಅಂದರೆ ದಾರಿ ಖುಲ್ಲಾ, ಸೈಕಲ್ ಬಿಡ್ರಿ, ಕೆಂಪು ಅಂದರೆ ತಡೀರಿ, ಕೆಂಪಿಗೆ ಹೆಂಡತಿ ಪದ್ಮಾಬಾಯಿಯ ಹಳೇ ಕುಪ್ಪಸದ ತುಂಡು ಕಿಸೆಯಲ್ಲಿದೆ, ಗುಡ್ಡಾ ಕೆರೀಲಿಕ್ಕೆ ನನ್ನ ಕುಪ್ಪಸನೂ ಬೇಕಾತೇನ್ರೀ ನಿಮಗ, ಆರು ತಿಂಗಳಾತು ಒಂದು ಐತವಾರ ಮನ್ಯಾಗ ಕೂತಿಲ್ಲ, ಡ್ರಿಲ್ ಮಾಸ್ತರು ಕಾಡಿನ್ಯಾಗ ಮಣ್ಣು ಹೊರ್ತಾರಂತ, ಯಾರರೆ ಕೇಳಿದ್ರ ಏನಂತ ಹೇಳಲಿ — ಏನಂತ ಹೇಳುತ್ತೀ ಮಾರಾಯ್ತಿ, ಕಪ್ಪತಗುಡ್ಡದ ತುದಿಯಿಂದ ಬುಡದವರೆಗೆ ಪೆಡಲ್ ತುಳಿಯದೆ ಸೈಕಲ್ ಮೇಲೆ ಇಳಿಯುವ ದಾರಿ ಮಾಡುತ್ತಿದ್ದಾರೆ ಅಂತ ಹೇಳು, ನಂಬಿದರೆ ನಂಬಲಿ ಬಿಟ್ಟರೆ ಬಿಡಲಿ, ಇವತ್ತು ಮೊದಲ ಸಲ ತುದಿಯಿಂದ ಇಳಿಯುವವನು ಲಾಡಸಾಬ, ಬೆಟಗೇರಿಯಲ್ಲಿ ಸೈಕಲ್ ಅಂಗಡಿ ಇಟ್ಟವನು, ಮೂರು ಹೆಣ್ಣುಮಕ್ಕಳ ತಂದೆ, ಬೇರೆ ಯಾರೂ ಮೊದಲು ಇಳಿಯಬಾರದು ಅಂತ ಹಟ ಹಿಡಿದವನು. ತುದಿಯಲ್ಲಿ ಲಕ್ಷ್ಮೇಶ್ವರದ ಹತ್ತಿ ವ್ಯಾಪಾರದವರ ಮನೆಯ ಸಂಗಪ್ಪ ಸೀಟಿ ಹಿಡಿದು ನಿಂತಿದ್ದಾನೆ, ಸೈಕಲ್ ಬಿಟ್ಟ ಕೂಡಲೇ ಊದಬೇಕು, ನಡುವೆ ಈ ದೊಡ್ಡ ತಿರುವಿನಲ್ಲಿ ನರಸಿಂಹ, ತಿರುವು ದಾಟಿದರೆ ನೂರು ಮಾರು ನೆಟ್ಟಗಿನ ಇಳಿಜಾರು, ಅದರ ಕೊನೆಗೆ ಅಡ್ಡ ಹಾಯುವ ಗಾಡಿದಾರಿ, ಕಾಡಿನ ಕೂಪಿನಲ್ಲಿ ಕಡಿದ ದಿಮ್ಮಿಗಳನ್ನು ಮುಂಡರಗಿಯ ಡಿಪೋಗೆ ಸಾಗಿಸುವ ದಾರಿ. ಅಲ್ಲಿ ಯಾರೂ ನಿಂತಿಲ್ಲ. ಯಾರೂ ನಿಲ್ಲುವುದು ಬೇಡ ಅಂದವನು ನರಸಿಂಹನೇ, ಇವತ್ತು ಸೋಮವಾರ.

ಮತ್ತೆ ಕಿರ್ರ್. ಛೇ, ಗಿಡವೇ ಅದು, ಕೆಂಪು ಬೀಸಿಬಿಡಲೇ, ಕೈ ಕಿಸೆಗೆ ಹೋಯಿತು, ಬಟ್ಟೆ ಬೆರಳಿಗೆ ಹತ್ತಿತು, ಬೀಸಿದರೆ ಸಂಗಪ್ಪ ನಗುತ್ತಾನೆ, ಮಾಸ್ತರ ಗಿಡದ ಸಪ್ಪಳಕ್ಕ ಹೆದರ್ಯಾರ್ರೋ, ಅಂತ ಗದಗಿನ ಬಸ್ ಸ್ಟ್ಯಾಂಡ್ ತನಕ ಹೇಳುತ್ತ ಬರುತ್ತಾನೆ, ಬೇಡ, ಅಷ್ಟರಲ್ಲಿ ಸೀಟಿ ಬಂದೇಬಿಟ್ಟಿತು, ಉದ್ದಕ್ಕೆ, ಗುಡ್ಡದ ಮೈಯೆಲ್ಲ ಕೇಳುವಂತೆ, ಹೊರಟ, ಹೊರಟೇಬಿಟ್ಟ ಲಾಡಸಾಬ, ಇಲ್ಲಿಗೆ ಒಂದೂವರೆ ನಿಮಿಷ, ಗಡಿಯಾರ ಹಿಡಿದು ಲೆಕ್ಕ ಹಾಕಿದ್ದು ಸುಳ್ಳಾಗಲಾರದು — ಎಷ್ಟು ಐತವಾರ ಕುಂತು ನಿಂತು ಅಳೆದ ದಾರಿ ಇದು, ಫಾರೆಸ್ಟ್ ಗಾರ್ಡ್ ವಿರೂಪಾಕ್ಷಪ್ಪನ ಮುಂದೆ ಕೈ ಮುಗಿದು ನಿಂತದ್ದು, ಗಿಡಾ ಕಡೀಬ್ಯಾಡ್ರಿ, ಬೀಡಿ ಸೇದಿ ಒಗೀಬ್ಯಾಡ್ರಿ, ಕೂಪಿನ ಗಾಡಿಗೆ ಅಡ್ಡ ಬರಬ್ಯಾಡ್ರಿ, ಇಷ್ಟ ಮಾಡ್ರಿ ಸಾಕು, ನಾ ನಿಮ್ಮನ್ನ ಕಂಡೇ ಇಲ್ಲ, ಅಂದಿದ್ದ ಪುಣ್ಯಾತ್ಮ, ಇವತ್ತು ಅವನೂ ಇಲ್ಲ, ಝಂಡಾ ಏರಿಸಲು ಮುಂಡರಗಿಗೆ ಹೋಗಿದ್ದಾನೆ — ಕಟ್ಟಿಗೆ ಹೊರೆ ಹೊತ್ತು ಬಂದ ಮೋತಿಬಿ ಹೊರೆ ಇಳಿಸದೆಯೇ ನಿಂತು, ಇಲ್ಲಿ ಮಣ್ಣು ನಂಬಬ್ಯಾಡ್ರೀ ಯಪ್ಪಾ, ಮಳಿ ಬಂತಂದ್ರ ಜಾರತೈತಿ, ಅಂದದ್ದಕ್ಕೆ ಇಡೀ ದಾರಿಯನ್ನು ಹತ್ತು ಹೆಜ್ಜೆ ಆಚೆ ಸರಿಸಿದ್ದು, ಈ ತಿರುವಿನ ಹೊರ ಅಂಚಿಗೆ ಕಲ್ಲು ಕೂರಿಸಿ ಮೇಲೆ ಮೊರಮು ಹಾಕಿ ಬಡಿದು ಏರಿಸಿದ್ದು, ಲಾಡಸಾಬ ನೆಲದ ಮೇಲೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಸೊಟ್ಟ ರಿಮ್ ನೋಡುವವನಂತೆ ತಿರುವನ್ನು ನೋಡಿ, ಇನ್ನೂ ಔಟ್ ಐತ್ರಿ ಮಾಸ್ತರ, ಒಂದ್ ಗೇಣು ಏರಸ್ರಿ, ಏರಿಸಿದ ಮೇಲೆ ಅಂಗೈ ಸವರಿ, ಹಾಂ, ಈಗ ನೋಡ್ರಿ ಹೆಂಗ ಐತಿ — ಅಲ್ಲೇ ಗೋಣಿಚೀಲ ಹಾಸಿ, ಲಾಡಸಾಬನ ಹೆಂಡತಿ ರಮಜಾನಬಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ, ಮೊದಲ ದಿನ ನರಸಿಂಹ ಅವಲಕ್ಕಿ ಗಂಟು ಬಿಚ್ಚಿ ಬೇರೆ ಕೂತಿದ್ದ, ಮೂರನೆಯ ಐತವಾರಕ್ಕೆ ಗಂಟೂ ಇಲ್ಲ ಬೇರೆಯೂ ಇಲ್ಲ, ಅವ್ವ ಅಂಬುಬಾಯಿಗೆ ಮಾತ್ರ ಹೇಳಿಲ್ಲ, ಹೇಳಿ ಏನಾಗಬೇಕಿದೆ. ಬ್ರೇಕ್ ಮುಟ್ಟಬೇಡ ಲಾಡಸಾಬ, ತಿರುವಿನೊಳಗೆ ಬ್ರೇಕ್ ಮುಟ್ಟಬೇಡ, ಅಂಚೇ ನಿನ್ನ ಹಿಡೀತದ, ಕೆಳಗ ನೆಟ್ಟಗ ಬಿಟ್ಟಬಿಡು, ಯಾರೂ ಇರೂದಿಲ್ಲ, ಅಂತ ಬೆಳಗ್ಗೆ ಚಹಾ ಕುಡಿಯುವಾಗ ಹೇಳಿದ್ದೂ ನರಸಿಂಹನೇ, ಆತ್ರಿ ಮಾಸ್ತರ, ನೀವು ಹೇಳಿದ್ರಂದ್ರ ಆತು, ಅಂದ ಅವನು.

ಕಿರ್ರ್, ಈ ಸಲ ಅದರ ಹಿಂದೆಯೇ ಕಲ್ಲಿನ ಮೇಲೆ ಕಬ್ಬಿಣ ಉರುಳಿದ ಸಪ್ಪಳ, ಗಡಗಡ, ಗಿಡ ಗಡಗಡ ಅನ್ನುತ್ತದೆಯೇ, ಇಲ್ಲ, ಆದರೆ ಸೋಮವಾರ ಗಾಡಿ ಬರುವುದು ಹೇಗೆ ಸಾಧ್ಯ, ಹರ್ತಿಯ ಹೊಲದ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟೂ ತಿಳಿಯದೇ, ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಮೈ ತೊಳೆದು ಕೊಂಬಿಗೆ ಎಣ್ಣೆ ಸವರಿ ನೆರಳಿಗೆ ಕಟ್ಟುತ್ತಾರೆ, ಲಗ್ನ ಇರಲಿ ಸುಗ್ಗಿ ಇರಲಿ ಹೂಡುವುದಿಲ್ಲ, ಅದಕ್ಕೇ ಸೋಮವಾರ, ಜೊತೆಗೆ ಜನವರಿ ಇಪ್ಪತ್ತಾರನೇ ತಾರೀಖು, ಸಾಲಿಗೂ ಸುಟ್ಟಿ, ಸಂಗಪ್ಪ ತೊಡೆ ತಟ್ಟಿ, ಸೋಮವಾರ ಯಾವ ಮಗಾ ಗಾಡಿ ಹೂಡ್ತಾನ್ರಿ, ಕಾಯಾಕ ಒಬ್ಬ ಆಳು ಯಾಕ ದಂಡ, ಅಂದಿದ್ದ, ಎಲ್ಲರೂ ಹೌದು ಹೌದು ಅಂದಿದ್ದರು, ಎಲ್ಲರೂ ಅಂದರೆ ಯಾರ್ಯಾರು, ಲಾಡಸಾಬ ಇದ್ದನೇ, ಇರಲಿಲ್ಲ, ಅವನ ಅಂಗಡಿಯ ಕಟ್ಟೆಯ ಮೇಲೆಯೇ ಕೂತಿದ್ದೆವು, ಬೆನ್ನಿಗೆ ಮುಚ್ಚಿದ ಬಾಗಿಲು ಒತ್ತುತ್ತಿತ್ತು, ಅವತ್ತು ಶುಕ್ರವಾರ, ಅವನು ನಮಾಜಿಗೆ ಹೋಗಿದ್ದ, ಶುಕ್ರವಾರ ಮಧ್ಯಾಹ್ನ ಅವನು ಅಂಗಡಿ ತೆರೆಯುವುದಿಲ್ಲ — ಶುಕ್ರವಾರ — ಅಯ್ಯೋ ದೇವರೇ, ಕೆಳಗೆ ನೀಲಗಿರಿಯ ಸಂದಿಯಿಂದ ಕರ್ರಗಿನ ಮೂತಿಯೊಂದು ಹೊರಬಂತು, ಎತ್ತಲ್ಲ, ಕೋಣ, ಅದರ ಪಕ್ಕ ಇನ್ನೊಂದು ಕೋಣ, ಹಿಂದೆ ಗಾಡಿ, ಗಾಡಿಯ ಮೇಲೆ ತಲೆಗೆ ಟಾವೆಲ್ ಸುತ್ತಿದ ಮಲಂಗಸಾಬ, ಡಿಪೋದ ಮುಂದೆ ಎಷ್ಟೋ ಸಲ ಸಲಾಮು ಹೊಡೆದ ಮುದುಕ, ಅವನ ಹಿಂದೆ ದಿಮ್ಮಿಗಳು, ಗಾಡಿಗಿಂತ ಎರಡು ಮಾರು ಹಿಂದಕ್ಕೆ ಚಾಚಿದ ದಿಮ್ಮಿಗಳು, ಬಾಗಿಲಿಗೆ ಅಗಳಿ ಹಾಕಿದ ಹಾಗೆ ದಾರಿಗೆ ಅಡ್ಡ, ಸೈಕಲ್ ಮೇಲೆ ಕೂತವನ ಎದೆಯ ಮಟ್ಟಕ್ಕೆ ಸರಿಯಾಗಿ.

ಕೆಂಪು ಬಟ್ಟೆ ಜಗ್ಗಿದ, ಯಾರಿಗೆ ತೋರಿಸುವುದು, ಸಂಗಪ್ಪ ಸೀಟಿ ಊದಿ ಕೈ ತೊಳೆದುಕೊಂಡ, ಲಾಡಸಾಬ ಗಿಡಗಳ ಮರೆಯಲ್ಲಿದ್ದಾನೆ, ಏ ಮಲಂಗಸಾಬಾ, ನಿಂದ್ರೋ, ನಿಂದ್ರೋ, ಗಾಳಿ ಎದುರಿಗೆ ಬೀಸಿ ಮಾತನ್ನು ಹಿಂದಕ್ಕೇ ಒಯ್ದಿತು, ಓಡಲೇ, ನೂರು ಮಾರು, ಓಡಿದರೂ ಮುಟ್ಟಲಾರೆ, ಮೇಲೆ ಟಯರು ಮೊರಮಿನ ಮೇಲೆ ಸರಸರ ಅನ್ನುವುದು ಕೇಳುತ್ತಿದೆ, ಬಂದ, ಹಾಹಾ ಅಂತ ಕೂಗುತ್ತ ಬರುತ್ತಿದ್ದಾನೆ ಹುಚ್ಚ, ಖುಷಿಯಿಂದ ಕೂಗುತ್ತಿದ್ದಾನೆ, ಆರು ತಿಂಗಳು ಮಣ್ಣು ಹೊತ್ತದ್ದು ಈ ಕೂಗಿಗಾಗಿಯೇ, ಎದೆಯ ಮಟ್ಟಕ್ಕೆ ದಿಮ್ಮಿ, ರಮಜಾನಬಿಗೆ ಏನಂತ ಹೇಳಲಿ, ಅವಳ ರೊಟ್ಟಿ ತಿಂದ ಬಾಯಿಂದ ಏನಂತ ಹೇಳಲಿ, ಕಾಲು ತಾವಾಗಿಯೇ ನಡೆದವು, ತಿರುವಿನ ನಟ್ಟನಡುವೆ, ತಾನೇ ಬಡಿದು ನುಣುಪು ಮಾಡಿದ ಜಾಗದಲ್ಲಿ ನರಸಿಂಹ ಎರಡೂ ಕೈ ಚಾಚಿ ನಿಂತ, ಕೆಂಪು ಒಂದರಲ್ಲಿ ಬಿಳಿ ಒಂದರಲ್ಲಿ, ಸೈಕಲ್ ಕಾಣಿಸಿತು, ಬಾಜೂ ಸರೀರಿ ಮಾಸ್ತರ, ಬಾಜೂ ಸರೀರಿ, ಸರಿಯಲಿಲ್ಲ, ಕಣ್ಣು ಮುಚ್ಚಿಕೊಂಡ, ಮುಖಕ್ಕೆ ಗಾಳಿ ಬಡಿಯಿತು, ಮೊರಮು ಹಾರಿ ತುಟಿಗೆ ಬಂತು, ಜಾಲಿಪೊದೆ ಮುರಿದ ಸಪ್ಪಳ, ಕಬ್ಬಿಣ ಕಲ್ಲಿಗೆ ಬಿದ್ದ ಸಪ್ಪಳ, ಯಾ ಅಲ್ಲಾ. ಆಮೇಲೆ ಲಾಡಸಾಬ ಬೈಯತೊಡಗಿದ.

ಬೈಯಲಿ, ಬೈಯುತ್ತಿದ್ದಾನೆ ಅಂದರೆ ಜೀವ ಇದೆ, ಹುಚ್ಚ ಹಿಡದೈತೇನ್ರಿ ನಿಮಗ, ಸಾಯ್ಸಾಕ ನಿಂತೀರೇನ್ರಿ, ಎಡಗೈ ನೇತಾಡುತ್ತಿತ್ತು, ಹೆಗಲ ಎಲುಬು ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು, ಮುಖದ ತುಂಬ ಮುಳ್ಳು ಗೀರಿದ ರಕ್ತ, ನರಸಿಂಹ ಪೊದೆಗೆ ಬಿದ್ದು ಅವನನ್ನು ತಬ್ಬಿ ಎಳೆದ, ಕೆಂಪು ಬಟ್ಟೆಯಿಂದಲೇ ಕೆಳಗೆ ತೋರಿಸಿದ. ಲಾಡಸಾಬ ನೋಡಿದ. ಸಪ್ಪಳ ಈಗ ಕೆಳಗೂ ಮುಟ್ಟಿತ್ತು, ಮಲಂಗಸಾಬ ಮಿಣಿ ಜಗ್ಗಿ ಗಾಡಿ ನಿಲ್ಲಿಸಿದ್ದ, ಇಳಿದು ಏದುಸಿರು ಬಿಡುತ್ತ ಹತ್ತಿ ಬಂದ, ಏನಾತ್ರೀ ಮಾಸ್ತರ, ಯಾರು ಬಿದ್ರು, ಇವತ್ತ ಸೋಮವಾರ ಅಲ್ಲೇನೋ ಮಲಂಗಸಾಬಾ, ನರಸಿಂಹನ ಬಾಯಿಂದ ಹೊರಟದ್ದು ಅದೊಂದೇ, ಹೌದ್ರಿ ಸೋಮವಾರ, ಎತ್ತಿನವ್ರು ಹೂಡಂಗಿಲ್ಲ, ನನ್ನವು ಕ್ವಾಣ, ನಾ ಶುಕ್ರವಾರ ಬಿಡ್ತೀನ್ರಿ, ಮುದುಕ ಇದರಲ್ಲೇನು ಅನ್ನುವಂತೆ ಇಬ್ಬರ ಮುಖ ನೋಡಿದ. ಲಾಡಸಾಬ ಬೈಗುಳ ನಿಲ್ಲಿಸಿಬಿಟ್ಟ, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು, ನಾ ಸಾಲಿ ಸುಟ್ಟಿ ಐತಿ ಅಂತ ಸೋಮವಾರ ಹಿಡದೀರಿ ಅನ್ಕೊಂಡಿದ್ನಿ, ಅಂದ, ನನ್ನ ಒಂದ್ ಮಾತು ಕೇಳಿದ್ರ ಹೇಳ್ತಿದ್ನೆಲ್ರಿ ಮಾಸ್ತರ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಕೇಳಬೇಕಾಗಿತ್ತು, ಆರು ತಿಂಗಳು, ಇಪ್ಪತ್ತನಾಲ್ಕು ಐತವಾರ, ಒಂದೇ ಗೋಣಿಚೀಲ, ಕೇಳಬೇಕು ಅಂತ ಹೊಳೆಯಲೂ ಇಲ್ಲವಲ್ಲ, ಗದಗಿಗೆ ಒಯ್ಯಬೇಕು, ಎಲುಬು ಕೂರಿಸುವವರ ಮನೆ ಎಲ್ಲಿ, ಮೇಲಿನಿಂದ ಸಂಗಪ್ಪ ಓಡಿ ಬರುತ್ತಿದ್ದಾನೆ, ಏನಾತು ಏನಾತು ಅನ್ನುತ್ತಿದ್ದಾನೆ, ಹೇಳಬೇಕು, ನರಸಿಂಹನಿಗೆ ತಲೆ ಎತ್ತಲಾಗಲಿಲ್ಲ, ಕೆಳಗಡೆಗೇ ನೋಡಿದ, ಕೋಣಗಳು ದಾರಿ ದಾಟಿ ಆಚೆ ನಿಂತಿದ್ದವು, ಗಾಲಿಗಳೂ ದಾಟಿದ್ದವು, ದಾಟದೆ ಉಳಿದದ್ದು ದಿಮ್ಮಿಗಳು, ನೆಟ್ಟಗಿನ ಇಳಿಜಾರಿಗೆ ಅಡ್ಡ, ಹಸಿ ದಿಮ್ಮಿಗಳು, ಅಲುಗದೆ, ಎದೆಯ ಮಟ್ಟಕ್ಕೆ, ಎದೆಯ ಮಟ್ಟಕ್ಕೆ ಸರಿಯಾಗಿ