ಮಗುಚಿ ಹಾಕಿದ ಆರು ಮೆಟ್ಟಿಲು

ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಮಿಲಿಮೀಟರ್ ಮೇಡಂ’ ಎಂದು ಕರೆಯುತ್ತಿದ್ದ ಅಧ್ಯಾಪಕಿಯ ಪಿಎಚ್.ಡಿ. ಪ್ರಬಂಧವನ್ನು ಇಡೀ ಪ್ರಪಂಚದಲ್ಲಿ ಐದು ಜನ ಓದಿದ್ದರು. ಒಬ್ಬಳು ಆಕೆಯೇ. ಇನ್ನೊಬ್ಬರು ಗೈಡ್ ಸರ್. ಪರೀಕ್ಷಕರು ಇಬ್ಬರು, ಅವರಲ್ಲಿ ಒಬ್ಬರು ನಿಜಕ್ಕೂ ಓದಿದ್ದರೇ ಎಂಬುದು ಅನುಮಾನ. ಐದನೆಯವನು ಹಲ್ಲಿನ ಡಾಕ್ಟರಾದ ಗಂಡ. ಅವನು ಓದಿದ್ದು ಕೃತಜ್ಞತೆಯ ಪುಟ ಮಾತ್ರ, ಅದೂ ತನ್ನ ಹೆಸರು ಎಷ್ಟನೆಯ ಸಾಲಿಗೆ ಬಂದಿದೆ ಎಂದು ನೋಡಲು. ಹದಿನೇಳನೆಯ ಸಾಲಿಗೆ ಬಂದಿತ್ತು.

ಪ್ರಬಂಧ ಇದ್ದದ್ದು ಹಳೆಯ ಲೈಬ್ರರಿಯ ಕಲ್ಲಿನ ಮೆಟ್ಟಿಲುಗಳ ಬಗ್ಗೆ. ನಲವತ್ತೊಂದು ಮೆಟ್ಟಿಲು. ಒಂದೊಂದೂ ಎಷ್ಟು ಸವೆದಿದೆ ಎಂದು ಅಳೆದು, ಕಟ್ಟಡ ಎದ್ದಾಗಿನಿಂದ ಅದರ ಮೇಲೆ ಎಷ್ಟು ಹೆಜ್ಜೆ ಬಿದ್ದಿರಬಹುದು ಎಂದು ಆಕೆ ಲೆಕ್ಕ ಹಾಕಿದ್ದಳು. ಉತ್ತರ: ಎರಡು ಕೋಟಿ. ಎಲ್ಲ ಮೆಟ್ಟಿಲೂ ನಡುವೆ ಹತ್ತೊಂಬತ್ತು ಮಿಲಿಮೀಟರ್ ತಗ್ಗಾಗಿದ್ದವು. ಏಳರಿಂದ ಹನ್ನೆರಡರವರೆಗಿನ ಆರು ಮಾತ್ರ ಬರೀ ನಾಲ್ಕು ಮಿಲಿಮೀಟರ್. ಯಾಕೆ? ಇದಕ್ಕೆಂದೇ ಆಕೆ ನಾಲ್ಕನೆಯ ಅಧ್ಯಾಯ ಬರೆದಳು. ಅಲ್ಲಿಗೆ ಬರುವಾಗ ಜನ ಕಂಬಿ ಹಿಡಿಯುತ್ತಾರೆ, ಭಾರ ಕೈಗೆ ಹೋಗುತ್ತದೆ, ಕಾಲು ಹಗುರಾಗುತ್ತದೆ ಎಂದು ಐವತ್ತೆರಡು ಪುಟಗಳಲ್ಲಿ, ಹನ್ನೊಂದು ನಕ್ಷೆಗಳೊಂದಿಗೆ ತೋರಿಸಿದಳು. ಆ ಅಧ್ಯಾಯಕ್ಕೆ ವರ್ಷದ ಅತ್ಯುತ್ತಮ ಸಂಶೋಧನೆಯ ಫಲಕವೂ ಬಂತು.

ಗೈಡ್ ಸರ್ ಸುಮ್ಮನೆ ಬಿಡುವವರಲ್ಲ. ಪ್ರಬಂಧವನ್ನು ಒಂಬತ್ತು ಸಲ ವಾಪಸ್ಸು ಕಳಿಸಿದ್ದರು. “ನೋಡಮ್ಮ, ಸಂಶೋಧನೆ ಅಂದ್ರೆ ಒಂದು ಕೂದಲೆಳೆಯಷ್ಟೂ ತಪ್ಪಿರಬಾರದು” ಎನ್ನುತ್ತ ಕೆಂಪು ಪೆನ್ನಿನಲ್ಲಿ ಅಲ್ಪವಿರಾಮಗಳನ್ನು ಹೆಕ್ಕುತ್ತಿದ್ದರು. ಹತ್ತನೆಯ ಸಲ, “ಇದು ಪರಿಪೂರ್ಣ” ಎಂದು ಸಹಿ ಹಾಕಿದರು. ಪ್ರಬಂಧ ಕಪ್ಪು ರಟ್ಟು ಹಾಕಿಸಿಕೊಂಡು ಲೈಬ್ರರಿಯ ಮೇಲಿನ ಕಪಾಟು ಸೇರಿತು. ನಾಲ್ಕು ವರ್ಷ ಯಾರೂ ಅದನ್ನು ಮುಟ್ಟಲಿಲ್ಲ.

ಒಂದು ಬೆಳಗ್ಗೆ ಲೈಬ್ರರಿಯನ್ ಫೋನ್ ಮಾಡಿದರು. “ಮೇಡಂ, ನಿಮ್ಮ ಪ್ರಬಂಧದೊಳಗೆ ಒಂದು ಚೀಟಿ ಸಿಕ್ಕಿದೆ. ಓದೋ ಕೋಣೆಗೆ ನೆಲ ಹಾಕ್ತಿರೋ ಮೇಸ್ತ್ರಿ ಇಟ್ಟದ್ದು. ಈ ಮೆಟ್ಟಿಲ ಬಗ್ಗೆ ಒಬ್ಬರು ಪುಸ್ತಕಾನೇ ಬರೆದಿದ್ದಾರೆ ಅಂತ ನಾನೇ ಮಾತಿಗೆ ಹೇಳಿದ್ದೆ. ಮೂರು ದಿನ ಊಟದ ಬಿಡುವಲ್ಲಿ ಕೂತು ಓದಿದ್ರು. ಓದ್ತಾ ಓದ್ತಾ ಜೋರಾಗಿ ನಕ್ಕುಬಿಟ್ರು, ನಾನು ‘ಶ್’ ಅನ್ನಬೇಕಾಯ್ತು.”

ಆಕೆ ಪಾಠ ಮುಗಿಸಿ ಓಡಿದಳು. ಟೈಲ್ಸ್ ಡಬ್ಬಿಯಿಂದ ಹರಿದ ರಟ್ಟಿನ ಚೂರು. ದಪ್ಪ ಪೆನ್ಸಿಲಿನ ಅಕ್ಷರ:

‘ಪುಟ 131 ತಪ್ಪು. ಏಳರಿಂದ ಹನ್ನೆರಡು, ಆರೂ ಕಲ್ಲು ಮಗುಚಿ ಹಾಕಿದವನು ನಾನೇ. ಸವೆದ ಮುಖ ಕೆಳಗಿದೆ. ಉಳಿದದ್ದು ಚೆನ್ನಾಗಿದೆ.’

ಐವತ್ತೆರಡು ಪುಟ! ಹನ್ನೊಂದು ನಕ್ಷೆ! ಕಿವಿ ಬಿಸಿಯಾಯಿತು. ಆಕೆ ಚೀಟಿಯನ್ನು ಇನ್ನೊಮ್ಮೆ ಓದಿದಳು. ‘ಪುಟ 131.’ ಅಂದರೆ ಅಷ್ಟು ದೂರ ಬಂದಿದ್ದಾರೆ. ಮೊದಲ ಪುಟದಿಂದ ಶುರುಮಾಡಿ, ಕೋಷ್ಟಕಗಳನ್ನು ದಾಟಿ, ಅಡಿಟಿಪ್ಪಣಿಗಳನ್ನು ದಾಟಿ ಬಂದಿದ್ದಾರೆ! ಆಗ ಹೊಟ್ಟೆಯಲ್ಲೆಲ್ಲೋ ಒಂದು ಕಚಗುಳಿ ಎದ್ದಿತು. ತಡೆಯಲು ಹೋದಳು, ಆಗಲಿಲ್ಲ. ಕಪಾಟಿನ ಮರೆಗೆ ಹೋಗಿ ಗಂಡನಿಗೆ ಫೋನ್ ಹಚ್ಚಿದಳು.

“ರೀ, ಯಾರೋ ನನ್ನ ಪ್ರಬಂಧ ಓದಿದ್ದಾರೆ!”

ಆ ಕಡೆ ಹಲ್ಲು ಕೊರೆಯುವ ಯಂತ್ರ ನಿಂತಿತು. “ಹೌದಾ! ಏನಂದ್ರು?”

“ನಾಲ್ಕನೇ ಅಧ್ಯಾಯ ಪೂರ್ತಿ ತಪ್ಪಂತೆ!”

“ಮತ್ತೆ ಯಾಕೆ ನಗ್ತಿದ್ದೀಯ?”

“ಗೊತ್ತಿಲ್ಲ ರೀ, ನಿಲ್ತಾನೇ ಇಲ್ಲ!”

ಲೈಬ್ರರಿಯನ್ ಬಂದು ಆಕೆಗೂ “ಶ್” ಎಂದರು.

ಮೇಸ್ತ್ರಿ ಓದುವ ಕೋಣೆಯಲ್ಲಿ ಮಂಡಿಯೂರಿ, ನೆಲ ಸಮವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡುತ್ತಿದ್ದರು. ಅರುವತ್ತು ದಾಟಿದ ಮನುಷ್ಯ, ಹುಬ್ಬಿನ ಮೇಲೆಲ್ಲ ಸಿಮೆಂಟಿನ ಧೂಳು. ಆಕೆಯನ್ನು ಕಂಡು ಕೊಂಚ ಗಾಬರಿಯಾದರು. “ಬೇಜಾರ್ ಮಾಡ್ಕೋಬೇಡಿ ಮೇಡಂ. ಕೈ ಸುಮ್ನಿರಲಿಲ್ಲ, ಬರೆದುಬಿಟ್ಟೆ.”

“ಬೇಜಾರಲ್ಲ ಮೇಸ್ತ್ರಿಗಳೇ. ಆರೇ ಆರು ಯಾಕೆ ಮಗುಚಿದ್ರಿ? ಅದನ್ನ ಹೇಳಿ.”

“ನಲವತ್ತೊಂದೂ ಮಗುಚಬೇಕಿತ್ತು. ಆಗಿದ್ದ ದೊಡ್ಡ ಸಾಹೇಬ್ರು ಏಳನೇ ಮೆಟ್ಟಿಲ ಮೇಲೆ ಜಾರಿ ಬಿದ್ರು. ಸೊಂಟ ಹಿಡ್ಕೊಂಡೇ ಆರ್ಡರ್ ಮಾಡಿದ್ರು, ಎಲ್ಲ ಕಲ್ಲೂ ತಿರುಗಿಸಿ ಹಾಕಿ ಅಂತ. ಅವರು ಬಿದ್ದ ಜಾಗದಿಂದಲೇ ಶುರು ಮಾಡ್ದೆ. ದಿನಕ್ಕೊಂದು ಕಲ್ಲು. ಆರನೇ ದಿನಕ್ಕೆ ಸಾಹೇಬ್ರ ಸೊಂಟ ವಾಸಿ ಆಯ್ತು, ಕೆಲಸ ನಿಂತುಹೋಯ್ತು.”

ಆಕೆ ಸಿಮೆಂಟಿನ ಚೀಲದ ಮೇಲೆ ಕುಸಿದು ಕುಳಿತಳು. ಐವತ್ತೆರಡು ಪುಟಗಳಲ್ಲಿ ಆಕೆ ವಿವರಿಸಿದ್ದು ಯಾರೋ ಸಾಹೇಬರ ಸೊಂಟವನ್ನು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇನ್ನು ಗೈಡ್ ಸರ್‌ಗೆ ಹೇಳಬೇಕಿತ್ತು. ಅವರು ಚೀಟಿಯನ್ನು ಕನ್ನಡಕದ ಕೆಳಗಿನಿಂದೊಮ್ಮೆ, ಮೇಲಿನಿಂದೊಮ್ಮೆ ಓದಿದರು. “ಆಧಾರ ಏನು? ಬರೀ ಬಾಯಿಮಾತು ಸಾಲದು.”

“ಅದಕ್ಕೇ ಸರ್, ಕೆಳಗಿನಿಂದ ನೋಡೋಣ ಅಂತ.”

ಮೆಟ್ಟಿಲುಗಳ ಕೆಳಗೆ ಮುರಿದ ಕುರ್ಚಿಗಳನ್ನು ತುಂಬಿದ ಒಂದು ಗೂಡಿತ್ತು. ಮಧ್ಯಾಹ್ನ ಐದು ಜನ ಬಗ್ಗಿಕೊಂಡು ಅದರೊಳಗೆ ತೂರಿದರು: ಮುಂದೆ ಉಳಿ ಹಿಡಿದ ಮೇಸ್ತ್ರಿ, ಅವರ ಹಿಂದೆ ಮೇಡಂ, ಮಂಡಿ ಲಟಕ್ಕೆನ್ನಿಸುತ್ತ ಗೈಡ್ ಸರ್, “ಅಂಗೈಯಗಲಕ್ಕಿಂತ ಒಂದು ಚೂರೂ ಜಾಸ್ತಿ ಕೆತ್ತಬಾರದು” ಎನ್ನುತ್ತ ಲೈಬ್ರರಿಯನ್, ಕೊನೆಗೆ ದವಾಖಾನೆಗೆ ಬೀಗ ಹಾಕಿ ಬಂದ ಗಂಡ. ಮೇಸ್ತ್ರಿ ಏಳನೆಯ ಕಲ್ಲಿನ ತಳದ ಗಾರೆಯನ್ನು ಮೆಲ್ಲಗೆ ಬಿಡಿಸಿದರು. ಸಂದು ಕಿರಿದು, ಕಣ್ಣಿಟ್ಟು ನೋಡಲು ಆಗದು. ಗಂಡ ಜೇಬಿನಿಂದ ಹಲ್ಲು ನೋಡುವ ಪುಟ್ಟ ದುಂಡು ಕನ್ನಡಿ ತೆಗೆದು ಒಳಗೆ ತೂರಿಸಿದ.

“ದೊಡ್ಡ ಕುಳಿ ಇದೆ” ಎಂದ, ಅಭ್ಯಾಸಬಲದಿಂದ. “ನೋವಿದೆಯಾ ಅಂತ ಕೇಳಬೇಕೇನೋ.”

ಗೈಡ್ ಸರ್ ಕನ್ನಡಿ ಕಿತ್ತುಕೊಂಡು ಬಗ್ಗಿ ನೋಡಿದರು. ಆಮೇಲೆ ಬೆರಳು ಹಾಕಿದರು. ಚಮಚದ ಒಳಮೈಯಂತೆ ನುಣುಪಾದ ತಗ್ಗು. ಎಷ್ಟೋ ವರ್ಷ ಎಷ್ಟೋ ಕಾಲುಗಳು ಉಜ್ಜಿ ಮಾಡಿದ್ದು. ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

“ಹತ್ತು ಸಲ ಓದಿದೆ” ಎಂದರು ಕೊನೆಗೆ. “ಅಲ್ಪವಿರಾಮ ನೋಡಿದೆ, ಕಲ್ಲು ನೋಡಲಿಲ್ಲ.”

ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ಮೇಡಂ ಹೆದರಿದಳು. ಅವರು ನಗುತ್ತಿದ್ದರು. ಮೂವತ್ತು ವರ್ಷದಲ್ಲಿ ಅವರು ನಕ್ಕದ್ದನ್ನು ಆ ವಿಭಾಗದಲ್ಲಿ ಯಾರೂ ಕಂಡಿರಲಿಲ್ಲ. ನಗುವಿನ ಭರಕ್ಕೆ ತಲೆ ಎತ್ತಲು ಹೋಗಿ ಎಂಟನೆಯ ಮೆಟ್ಟಿಲಿಗೆ ಬಡಿದುಕೊಂಡರು.

ಗಂಡ ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಹಿಟ್ಟನ್ನು ನಾದಿ ತಗ್ಗಿಗೆ ಒತ್ತಿದ. ಐದು ನಿಮಿಷಕ್ಕೆ ಅದು ಗಟ್ಟಿಯಾಗಿ ಕೈಗೆ ಬಂತು. ಮೇಡಂ ಅದನ್ನು ಮೂರು ಸಲ ಅಳೆದಳು. ಹದಿನೈದು ಮಿಲಿಮೀಟರ್, ಮೇಲೆ ಚೂರು.

“ಮೇಲಿನ ಮುಖ ನಾಲ್ಕು. ಹದಿನೈದೂ ನಾಲ್ಕೂ ಕೂಡಿಸಿದ್ರೆ...”

“ಹತ್ತೊಂಬತ್ತು!” ಎಂದು ಲೈಬ್ರರಿಯನ್ ಕಿರುಚಿದರು. ಉಳಿದ ನಾಲ್ವರೂ ಒಟ್ಟಿಗೆ “ಶ್” ಎಂದರು.

ಸಂಜೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಗೈಡ್ ಸರ್ ಮತ್ತೆ ಗಂಭೀರರಾದರು. “ಹಾಗಾದ್ರೆ ಆ ಪ್ರಬಂಧಕ್ಕೆ ಬೆಲೆ ಏನು ಉಳಿಯಿತು? ನಾನು ಪರಿಪೂರ್ಣ ಅಂತ ಸಹಿ ಹಾಕಿದ್ದೀನಿ.”

ಉತ್ತರ ಕೊಟ್ಟವರು ಮೇಸ್ತ್ರಿ. “ಸಾರ್, ಮೇಡಂ ಒಂದೊಂದು ಮೆಟ್ಟಿಲಿನ ಅಳತೇನೂ ಬಿಡದೆ ಬರೆದಿದ್ರು. ತಮ್ಮ ಮಾತಿಗೆ ಒಗ್ಗದೇ ಇರೋ ಆರನ್ನೂ ಮುಚ್ಚಿಡಲಿಲ್ಲ. ಅದಕ್ಕೇ ನನಗೆ ತಪ್ಪು ಸಿಕ್ಕಿದ್ದು. ಅಳತೆ ಬಿಟ್ಟು ಬರೀ ಒಳ್ಳೊಳ್ಳೆ ಮಾತು ಬರೆದಿದ್ರೆ ನಾನೂ ತಲೆ ಆಡಿಸಿಕೊಂಡು ಎದ್ದುಹೋಗ್ತಿದ್ದೆ.”

ಗೈಡ್ ಸರ್ ಆ ಮಾತನ್ನು ಕರವಸ್ತ್ರದ ಮೇಲೆ ಬರೆದುಕೊಳ್ಳಲು ಹೋದರು. ಮೇಡಂ ಕಾಗದ ಕೊಟ್ಟಳು.

ಮಾರನೆಯ ದಿನದಿಂದ ಕೆಲಸ ಬಿರುಸಾಯಿತು. ಕಲ್ಲು ಮಗುಚಿದ ಮೇಲೆ ಮೇಲಿನ ಮುಖ ಸವೆದದ್ದು ನಾಲ್ಕು ಮಿಲಿಮೀಟರ್. ಅಷ್ಟು ವರ್ಷಗಳಲ್ಲಿ ಲೈಬ್ರರಿಗೆ ಬಂದವರೆಲ್ಲ ಬಾಗಿಲಲ್ಲಿ ಸಹಿ ಹಾಕಿದ ದಪ್ಪ ಪುಸ್ತಕಗಳನ್ನು ಲೈಬ್ರರಿಯನ್ ಎಸೆದಿರಲಿಲ್ಲ. ಎಷ್ಟು ಹೆಜ್ಜೆಗೆ ಎಷ್ಟು ಕಲ್ಲು ಸವೆಯುತ್ತದೆ ಎಂಬುದು ಮೊದಲ ಸಲ ಊಹೆಯಿಲ್ಲದೆ ಸಿಗುವಂತಿತ್ತು. ವಿದ್ಯಾರ್ಥಿಗಳು ಗುಂಪುಗುಂಪಾಗಿ ಕೂತು ಸಹಿ ಎಣಿಸಿದರು. ಹೊಸ ಉತ್ತರ ಬಂತು: ಒಂದು ಕೋಟಿ ಹತ್ತು ಲಕ್ಷ ಹೆಜ್ಜೆ.

“ರೀ, ತೊಂಬತ್ತು ಲಕ್ಷ ಹೆಜ್ಜೆ ಕಳೆದುಹೋಯ್ತು!” ಎಂದು ಆಕೆ ಅಡುಗೆಮನೆಯಲ್ಲಿ ಸೌಟು ಹಿಡಿದು ಕುಣಿದಳು.

“ಸರಿಯಾಗಿ ನೋಡು, ಮಂಚದ ಕೆಳಗೆ ಇರಬಹುದು” ಎಂದ ಗಂಡ.

ಫಲಕವನ್ನು ಹಿಂದಿರುಗಿಸಲು ಆಕೆ ಆಫೀಸಿಗೆ ಹೋದಳು. ಗುಮಾಸ್ತ ತಲೆ ಕೆರೆದುಕೊಂಡ. “ತಗೊಳ್ಳೋಕೆ ಫಾರಂ ಇದೆ ಮೇಡಂ. ವಾಪಸ್ಸು ಕೊಡೋಕೆ ಫಾರಂ ಇಲ್ಲ.” ಫಲಕ ಮತ್ತೆ ಮನೆಗೆ ಬಂತು.

ಒಂದೇ ವಿಷಯ ಉಳಿದಿತ್ತು: ಸಹಿ ಎಣಿಸಿದ್ದು ಮೇಸ್ತ್ರಿ ಅಂದಾಜಿಗೆ ಹೇಳಿದ ವರ್ಷದಿಂದ, ಆದರೆ ಕಲ್ಲು ಮಗುಚಿದ್ದು ನಿಜಕ್ಕೂ ಯಾವ ವರ್ಷ? ಆಫೀಸಿನ ಕಡತ ಸಿಗಲಿಲ್ಲ. ಮೇಡಂ, ಗೈಡ್ ಸರ್ ಇಬ್ಬರೂ ಮೇಸ್ತ್ರಿಯ ಮನೆಗೆ ಹೋದರು.

“ಇಪ್ಪತ್ತಾರು ವರ್ಷ ಆಯ್ತು” ಎಂದರು ಮೇಸ್ತ್ರಿ. “ಮಗಳು ಹುಟ್ಟಿದ ವರ್ಷ.”

“ಅಲ್ಲವೇ ಅಲ್ಲ” ಎಂದು ಒಳಗಿನಿಂದ ಅವರ ಹೆಂಡತಿ ಬಂದರು. “ಮಗಳು ಹುಟ್ಟಿದಾಗ ನೀವು ಸೇತುವೆ ಕೆಲಸದಲ್ಲಿದ್ರಿ. ಮಗು ಮುಖ ನೋಡೋಕೆ ಬಂದಿದ್ದೇ ಹದಿನೈದು ದಿನಕ್ಕೆ. ಲೈಬ್ರರಿ ಕೆಲಸ ಮರುವರ್ಷ. ಆಗ ಅವಳು ಗೋಡೆ ಹಿಡ್ಕೊಂಡು ನಡೀತಿದ್ಲು.”

“ಲೇ, ನನಗೆ ನೆನಪಿದೆ ಕಣೇ.”

“ನಿಮಗೆ ಕಲ್ಲು ನೆನಪಿರುತ್ತೆ, ಮಗು ನೆನಪಿರಲ್ಲ.”

ಮಗಳಿಗೇ ಫೋನ್ ಮಾಡಿದರು. “ನಾನಾಗ ತೊಟ್ಟಿಲಲ್ಲಿದ್ನೋ ನೆಲದ ಮೇಲಿದ್ನೋ, ನನ್ನನ್ನೇ ಕೇಳ್ತೀರಲ್ಲಪ್ಪ!” ಎಂದು ಆಕೆ ಇಟ್ಟುಬಿಟ್ಟಳು.

ಮೇಡಂ ಅಲ್ಲೇ ಲೆಕ್ಕ ಹಾಕಿದಳು. ಗಂಡ ಹೆಂಡಿರ ಆ ಒಂದು ವರ್ಷದ ಜಗಳಕ್ಕೆ ನಾಲ್ಕು ಲಕ್ಷ ಹೆಜ್ಜೆ ಹೆಚ್ಚು ಕಡಿಮೆಯಾಗುತ್ತಿತ್ತು. “ಸರ್, ಇದನ್ನ ಹೇಗೆ ಬರೆಯೋದು?”

“ಇದ್ದದ್ದನ್ನ ಇದ್ದ ಹಾಗೆ” ಎಂದರು ಗೈಡ್ ಸರ್, ಅವರ ಬಾಯಿಂದ ಯಾರೂ ಕೇಳಿರದ ಹಗುರಾದ ದನಿಯಲ್ಲಿ. “‘ವರ್ಷದ ಬಗ್ಗೆ ಮೌಖಿಕ ಆಧಾರಗಳಲ್ಲಿ ಭಿನ್ನಾಭಿಪ್ರಾಯವಿದೆ.’ ಇಬ್ಬರ ಹೇಳಿಕೆಯನ್ನೂ ಹಾಕು. ನಾಲ್ಕು ಲಕ್ಷ ಹೆಚ್ಚು ಕಡಿಮೆ ಅಂತ ದಪ್ಪ ಅಕ್ಷರದಲ್ಲಿ ಬರೆ.”

ಲೇಖನ ಆರು ತಿಂಗಳಲ್ಲಿ ಅಚ್ಚಾಯಿತು. ಲೇಖಕರು ಮೂವರು: ಮೇಡಂ, ಮೇಸ್ತ್ರಿ, ಗೈಡ್ ಸರ್. ನಾಲ್ಕನೆಯ ಅಧ್ಯಾಯ ತಪ್ಪು ಎಂಬುದು ಮೊದಲ ವಾಕ್ಯದಲ್ಲೇ ಇತ್ತು. ಒಂದು ತಿಂಗಳೊಳಗೆ ಬೇರೆ ಬೇರೆ ಊರುಗಳಿಂದ ಹನ್ನೆರಡು ಪತ್ರ ಬಂದವು. ಕೆಲವರು ತಮ್ಮ ಊರಿನ ಮೆಟ್ಟಿಲುಗಳ ಅಳತೆ ಕಳಿಸಿದ್ದರು, ಇಬ್ಬರು ಜಗಳಕ್ಕೇ ಬಂದಿದ್ದರು. ಮೇಡಂ ಹನ್ನೆರಡನ್ನೂ ಚೀಲದಲ್ಲಿಟ್ಟುಕೊಂಡು ಮೇಸ್ತ್ರಿಯ ಮನೆಗೆ ಓಡಿದಳು, ಜೊತೆಗೆ ಲೇಖನದ ಒಂದು ಪ್ರತಿ.

ಮೇಸ್ತ್ರಿಯ ಹೆಂಡತಿ ಕನ್ನಡಕ ಏರಿಸಿ, ಬೆರಳಿಟ್ಟು, ತಮ್ಮ ಸಾಲನ್ನು ಹುಡುಕಿ ಓದಿದರು.

“ಭಿನ್ನಾಭಿಪ್ರಾಯ ಅಂತ ಹಾಕಿದ್ದೀರಲ್ಲಮ್ಮ, ಅದು ತಪ್ಪು. ಇವರು ಹೇಳಿದ್ದು ಸುಳ್ಳು ಅಂತ ಹಾಕಬೇಕಿತ್ತು. ನನ್ನ ಹತ್ರ ಫೋಟೋ ಇದೆ. ಇವರು ಆ ಮೆಟ್ಟಿಲ ಮೇಲೆ ಉಳಿ ಹಿಡ್ಕೊಂಡು ನಿಂತಿದ್ದಾರೆ, ಮಗಳು ಪಕ್ಕದಲ್ಲಿ ನಿಂತಿದ್ದಾಳೆ. ತೊಟ್ಟಿಲ ಕೂಸು ನಿಲ್ಲುತ್ತಾ?”

“ಫೋಟೋ ಎಲ್ಲಿದೆ ಅಮ್ಮ?”

“ಯಾವುದೋ ಟ್ರಂಕಲ್ಲಿದೆ. ಮೂರು ಟ್ರಂಕಿದೆ.”

ಮೇಡಂ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಮೊದಲ ಟ್ರಂಕಿನ ಮುಂದೆ ನೆಲದ ಮೇಲೆ ಕುಳಿತಳು.