ಕೆರೆಗೊಂದು ಕೋಟು ಹೊಳಪು

ಬೋರ್ಡು ಬರೆಯೋನಿಗೆ ಚಿತ್ರ ಬರೆಯೋದು ಯಾವ ಲೆಕ್ಕ ಅಂದ್ಕೊಂಡಿದ್ದ ಪೇಂಟರ್. ಅಂಗಡಿ ಬೋರ್ಡು, ಲಾರಿ ಹಿಂದಿನ ಗುಲಾಬಿ, ಎಲ್ಲಾ ನೀರು ಕುಡಿದಷ್ಟು ಸಲೀಸು ಅವನಿಗೆ. ಈಗ ಆಯಿಲ್ ಪೇಂಟಿಂಗ್‌ಗೆ ಕೂತಿದ್ದು ಅಕ್ಕನಿಗೋಸ್ಕರ. ಇವನ ಮನೇಲೇ ಇದ್ದ ಅಕ್ಕನ ಕಣ್ಣು ದಿನದಿನಕ್ಕೂ ಮಂಜಾಗ್ತಾ ಇತ್ತು. ಹೋದ ದೃಷ್ಟಿ ವಾಪಸ್ ಬರಲ್ಲ ಅಂತ ಡಾಕ್ಟ್ರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ರು. ಚಿಕ್ಕವರಿದ್ದಾಗ ಇಬ್ಬರೂ ಕಲ್ಲೆಸೀತಿದ್ದ ಬೆಟ್ಟದ ಕೆರೆ ಇದೆಯಲ್ಲ, ಅದನ್ನೊಂದ್ಸಲ ನೋಡ್ಬೇಕು ಅಂದ್ಲು ಅಕ್ಕ. ಬೆಟ್ಟ ಹತ್ತೋ ಶಕ್ತಿ ಅವಳಿಗಿಲ್ಲ. ಸರಿ, ಕೆರೇನೇ ಮನೆಗೆ ತರ್ತೀನಿ ಅಂದ ಇವನು.

ತಂದ ಅಂತಾನೇ ಹೇಳ್ಬೇಕು. ಹಿಂದಿನ ರೂಮಲ್ಲಿ ಕ್ಯಾನ್ವಾಸ್ ನಿಲ್ಲಿಸಿ, ಬ್ರಷ್ ಬಿಟ್ಟು ಚಾಕುವಿನಲ್ಲೇ ಬಣ್ಣ ಮೆತ್ತಿದ. ಬೆಟ್ಟ ನೇರಳೆ, ನೆರಳು ಕಡುಹಸಿರು, ನೀರಂತೂ ಬೆರಳು ದಪ್ಪ ನೀಲಿ. ಹೆಂಡತಿ ಬಂದು ನೋಡಿ, ಇಷ್ಟು ಬಣ್ಣದಲ್ಲಿ ನಮ್ಮನೆ ಕಿಟಕಿ ಬಾಗಿಲೆಲ್ಲಾ ಮುಗೀತಿತ್ತಲ್ರೀ ಅಂದು ಹೋದ್ಲು. ಹೋದವಳು ಮತ್ತೆ ಬಂದು ಬಾಗಿಲಲ್ಲೇ ನಿಂತು ನೋಡಿದ್ಲು. ಅಷ್ಟು ಚೆನ್ನಾಗಿತ್ತು.

ಒಣಗೋದೊಂದೇ ಬಾಕಿ. ಬಣ್ಣದಂಗಡಿಯವರು, ಇಷ್ಟು ದಪ್ಪ ಮೆತ್ತಿದ್ರೆ ತಿಂಗಳುಗಟ್ಟಲೆ ಮುಟ್ಟೋ ಹಾಗಿಲ್ಲಪ್ಪ ಅಂದಿದ್ರು. ಅಕ್ಕನ ಕಣ್ಣು ತಿಂಗಳುಗಟ್ಟಲೆ ಕಾಯುತ್ತಾ? ಇವನಿಗೋ ಬೋರ್ಡಿನ ಚಾಳಿ: ಕೊನೆಗೊಂದು ಕೋಟು ವಾರ್ನಿಷ್ ಎಳೆದ್ರೆ ಬೆಳಗಾಗೋದ್ರೊಳಗೆ ಗಟ್ಟಿ, ಮೇಲೆ ಫಳಫಳ. ನೀರು ಹೊಳೀಬೇಕಲ್ವಾ, ಅಕ್ಕನಿಗೆ ಆ ಹೊಳಪಾದ್ರೂ ಕಾಣ್ಬೇಕಲ್ವಾ. ಕೆರೆ ತುಂಬಾ ಎಳೆದೇಬಿಟ್ಟ.

ಬೆಳಿಗ್ಗೆ ನೋಡ್ತಾನೆ, ಮೇಲಿನ ಪದರ ಒಣಗಿ ಬಿಗಿದಿದೆ, ಅಡಿಯ ಬಣ್ಣ ಹಸಿ. ನೀರೆಲ್ಲಾ ಸುಕ್ಕುಗಟ್ಟಿ, ಮಡಿಕೆ ಮಡಿಕೆಯಾಗಿ ಕೆಳಗೆ ಜಾರಿದೆ. ಚಾಕು ಹಾಕಿದ್ರೆ ಚರ್ಮದ ಥರ ಕಿತ್ತು ಬಂತು. ಕೈಬಿಟ್ಟ. ಇನ್ನೊಂದು ಬರೆಯೋಣ ಅಂದ್ರೆ, ಹಿಂದಿನ ದಿನ ಲೋಟ ತಗೊಳ್ಳೋಕೆ ಹೋಗಿ ಅಕ್ಕ ಬರೀ ಗಾಳಿ ಹಿಡಿದಿದ್ದು ನೆನಪಾಯ್ತು.

ಹಾಗೇ ಎತ್ಕೊಂಡು ಹೋಗಿ ಅವಳ ಮಂಚದ ಹತ್ರ, ಕಿಟಕಿ ಬೆಳಕಿಗೆ ಹಿಡಿದ. ಅಕ್ಕ ಮೂಗು ತಾಗೋಷ್ಟು ಬಗ್ಗಿ, ತುಂಬಾ ಹೊತ್ತು ಆ ಸುಕ್ಕನ್ನೇ ನೋಡಿದ್ಲು.

"ಬೆಟ್ಟ ಚೆನ್ನಾಗ್ ಬಂದಿದೆ ಕಣೋ. ಬಂಡೆಗಳೆಲ್ಲಾ ಕಾಣ್ತಿವೆ. ಕೆರೆ ಎಲ್ಲೋ?"

ಇವನು ಕ್ಯಾನ್ವಾಸ್ ಕೆಳಗಿಳಿಸಿದ.

"ಅದನ್ನಿನ್ನೂ ಬರೆದಿಲ್ಲ ಅಕ್ಕ."

"ಬೇಗ ಬರಿಯೋ, ಮಾರಾಯ," ಅಂದು ಅಕ್ಕ ದಿಂಬಿಗೆ ಒರಗಿದ್ಲು.