ಅಡುಗೆ ಇಳಿದ ಮೇಲೆ ಸೂಜಿ

ನಮ್ಮ ಮನೆಯ ಕೆಳಗೆ ಒಂದು ಕಟಿಂಗ್ ಶಾಪ್ ಇದೆ. ಅದರ ಯಜಮಾನನನ್ನು ಬೀದಿಯವರೆಲ್ಲ ಕರೆಯುವುದೇ ರೇಷ್ಮೆ ಕೈ ಅಣ್ಣ ಎಂದು. ಮೂವತ್ತು ವರ್ಷದಲ್ಲಿ ಯಾರ ಕೆನ್ನೆಯಲ್ಲೂ ಒಂದು ಹನಿ ರಕ್ತ ಬರಿಸಿದವನಲ್ಲ. ಆ ಕೈಯೇ ಅವನ ಅನ್ನ, ಅದೇ ಅವನ ಮರ್ಯಾದೆ.

ಅಣ್ಣನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವನು ತನ್ನ ಕಸುಬಿನ ಲೆಕ್ಕಕ್ಕೆ ತಂದುಕೊಂಡಿದ್ದ. ಅಂಗಡಿಯಲ್ಲೇ ಒಂದು ಗಂಟೆಗೆ ಸೂಜಿ. ಆಮೇಲೆ ಒಬ್ಬರ ತಲೆ ಕಟಿಂಗ್. ಕತ್ತರಿ ಕೆಳಗಿಡುವಾಗ ಸರಿಯಾಗಿ ಅರ್ಧ ಗಂಟೆ. ರಸ್ತೆ ದಾಟಿದರೆ ಮನೆ, ತಟ್ಟೆ ಸಿದ್ಧ.

ನಾನು ಆಸ್ಪತ್ರೆಯಲ್ಲಿ ನರ್ಸ್. ಒಮ್ಮೆ ಕೇಳಿದ್ದೆ, "ಅಣ್ಣಾ, ಸೂಜಿ ಹಾಕ್ಕೊಂಡ ಮೇಲೆ ಊಟ ತಡ ಆದ್ರೆ ಏನ್ಮಾಡ್ತೀಯ?"

"ನಿಮ್ಮತ್ತಿಗೆಯ ಒಲೆ ಯಾವತ್ತಾದ್ರೂ ತಡ ಆಗಿದ್ದುಂಟಾ?" ಎಂದು ನಕ್ಕುಬಿಟ್ಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಅತ್ತಿಗೆಯ ಒಲೆ ತಡವಾಗಲಿಲ್ಲ, ನಿಜ. ತಡವಾದದ್ದು ಮಗಳ ಓವನ್. ಬೇಕರಿ ಕೆಲಸಕ್ಕೆ ಸೇರಿದ್ದ ಅವಳು ಮನೆಗೊಂದು ಓವನ್ ತಂದಿದ್ದಳು. ಅಂದು ಅವಳಿಗೆ ರಜೆ. ಚೀಸ್ ಸುರಿದ ಪಾಸ್ತಾ ಮಾಡಲು ನಿಂತಳು. ಆ ಮನೆಯಲ್ಲಿ ಅದನ್ನು ಯಾರೂ ತಿಂದಿರಲಿಲ್ಲ.

ಅಣ್ಣ ಎಂದಿನಂತೆ ಸೂಜಿ ಹಾಕಿಕೊಂಡ, ಒಂದು ಕಟಿಂಗ್ ಮುಗಿಸಿದ, ಮನೆಗೆ ಹೋದ.

"ಅಪ್ಪಾ, ಇನ್ನೊಂದಿಪ್ಪತ್ತು ನಿಮಿಷ. ಮೇಲೆ ಕೆಂಪಗಾಗ್ಬೇಕು," ಎಂದಳು ಮಗಳು.

ಸುಮ್ಮನೆ ಕೂತು ಅಭ್ಯಾಸವಿಲ್ಲದ ಜೀವ. ಅಷ್ಟರಲ್ಲಿ ಒಂದು ಶೇವಿಂಗ್ ಆಗುತ್ತದೆ ಎಂದುಕೊಂಡು ಅಂಗಡಿಗೆ ವಾಪಸ್ ಬಂದ. ಪೋಸ್ಟ್‌ಮ್ಯಾನ್ ಕಾಯುತ್ತಿದ್ದರು. ಒಂದು ಕೆನ್ನೆ ಮುಗಿಯಿತು. ಎರಡನೆಯದಕ್ಕೆ ಕಿವಿಯ ಕೆಳಗೆ ಕತ್ತಿ ಇಟ್ಟಾಗ ಅಣ್ಣನ ಕೈ ನಡುಗಿತು. ಫ್ಯಾನ್ ಕೆಳಗೇ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕನ್ನಡಿಯಲ್ಲಿ ಇಬ್ಬರೂ ಆ ಕತ್ತಿಯನ್ನೇ ನೋಡಿದರು. ಅಣ್ಣ ಮೆಲ್ಲಗೆ ಅದನ್ನು ಕೆಳಗಿಟ್ಟು ಗೋಡೆ ಹಿಡಿದುಕೊಂಡ.

"ಸಿಸ್ಟರ್! ಬೇಗ ಬನ್ನಿ!" ಎಂಬ ಪೋಸ್ಟ್‌ಮ್ಯಾನ್ ಕೂಗಿಗೆ ನಾನು ಮೆಟ್ಟಿಲಿಳಿದು ಓಡಿದೆ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಐವತ್ತನಾಲ್ಕು. ಎಪ್ಪತ್ತಕ್ಕಿಂತ ಇಳಿದರೇ ಅಪಾಯ.

"ನಂಗೆ ಸಕ್ಕರೆ ಕಾಯ್ಲೆ ಕಣಮ್ಮಾ, ನಂಗೇ ಸಕ್ಕರೆ ಕೊಡ್ತೀಯಾ?" ಎಂದ, ನಾಲಿಗೆ ತೊದಲುತ್ತಿತ್ತು.

"ಈಗ ಇದೇ ಔಷಧಿ. ಕುಡಿಯಣ್ಣ." ನಾಲ್ಕು ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರೆ ಎಂಬತ್ತೆರಡು. ಅಷ್ಟರಲ್ಲಿ ಮಗಳ ಜೊತೆ ರಸ್ತೆ ದಾಟಿ ಓಡಿ ಬಂದಿದ್ದ ಅತ್ತಿಗೆಗೆ ಉಸಿರು ಬಂತು, ನನಗೂ. ಮಗಳು ಅಳುತ್ತಲೇ ತಟ್ಟೆ ತಂದು ಅಲ್ಲೇ ಉಣ್ಣಿಸಿದಳು. ಪಾಪ, ಪೋಸ್ಟ್‌ಮ್ಯಾನ್ ಅರ್ಧ ಗಡ್ಡದಲ್ಲೇ ಕಾಗದ ಹಂಚಲು ಹೋದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಂಜೆ ಅವರ ಮನೆಗೆ ಹೋಗಿ ನೋಡಿದರೆ ಸಕ್ಕರೆ ಇನ್ನೂರ ಎಪ್ಪತ್ತಕ್ಕೆ ಏರಿತ್ತು. ಅಣ್ಣ ಆಗಲೇ ಸೂಜಿ ಕೈಗೆತ್ತಿಕೊಂಡಿದ್ದ.

"ಇನ್ನೊಂದು ಹಾಕ್ಕೊಂಡ್ರೆ ಇಳಿಯುತ್ತಲ್ಲ?"

"ಇಡಣ್ಣ ಕೆಳಗೆ! ನೀನೇ ಡಾಕ್ಟರಾ?" ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಚೀಸು, ಬೆಣ್ಣೆ, ಎಣ್ಣೆ ಜಾಸ್ತಿ ಇರೋ ಊಟ ನಿಧಾನಕ್ಕೆ ಕರಗುತ್ತೆ. ಸಕ್ಕರೆನೂ ತಡವಾಗಿ ಏರುತ್ತೆ. ನೀನು ಸೂಜಿ ಮೇಲೆ ಸೂಜಿ ಹಾಕ್ಕೊಂಡ್ರೆ ಮತ್ತೆ ಧೊಪ್ ಅಂತ ಇಳಿದುಬಿಡುತ್ತೆ. ಡಾಕ್ಟರನ್ನ ಕೇಳೋಣ."

"ಹಾಗಾದ್ರೆ ಇನ್ಮೇಲೆ ಮಗಳು ಮಾಡಿದ್ದು ತಿನ್ನಲೇಬಾರ್ದಾ?"

ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ನೋಡಿ ನನ್ನ ಸಿಟ್ಟು ಇಳಿಯಿತು. "ತಿನ್ನಣ್ಣ, ಯಾರು ಬೇಡ ಅಂದ್ರು? ಹೊಸದಾದ್ರೆ ಮೊದಲ ಸಲ ಸ್ವಲ್ಪ ತಿನ್ನು, ಉಳಿದಿದ್ದು ಎಂದಿನ ಊಟ. ಸೂಜಿ ಮಾತ್ರ ಗಂಟೆ ನೋಡಿ ಹಾಕ್ಕೋಬೇಡ, ಊಟ ನೋಡಿ ಹಾಕ್ಕೋ. ಅಡುಗೆ ಇಳಿಯಲಿ, ಆಮೇಲೆ ಸೂಜಿ. ನಿನ್ನ ಅರ್ಧ ಗಂಟೆ ಅಲ್ಲಿಂದ ಶುರು. ಊಟ ಮುಚ್ಚಿಟ್ರೆ ಎಲ್ಲೂ ಓಡಿಹೋಗಲ್ಲ."

ಫೋನಿನಲ್ಲಿ ಡಾಕ್ಟರೂ ಅದನ್ನೇ ಹೇಳಿದರು. ಹೆಚ್ಚಿನ ಸೂಜಿ ಬೇಡ, ಮಲಗುವ ಮುಂಚೆ ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದರು. ಹೊಸ ಊಟವಾದರೆ ತಿನ್ನುವ ಮುಂಚೆ, ತಿಂದು ಎರಡು ಗಂಟೆಯಾದ ಮೇಲೆ, ನಾಲ್ಕು ಗಂಟೆಯಾದ ಮೇಲೆ ನೋಡಿ ಬರೆದಿಟ್ಟು ತನ್ನಿ, ಡೋಸ್ ಬದಲಿಸಬೇಕಾದರೆ ನಾನು ಹೇಳುತ್ತೇನೆ ಎಂದರು.

ಆಮೇಲೆ ಎರಡು ವಾರ ಪೋಸ್ಟ್‌ಮ್ಯಾನ್ ಅಂಗಡಿ ಕಡೆ ತಲೆ ಹಾಕಲಿಲ್ಲ. ಅವರ ಗಲ್ಲದ ಮೇಲೆ ಸ್ವಂತ ಶೇವಿಂಗಿನ ಗಾಯಗಳು. ಅಣ್ಣ ಖಾಲಿ ಕುರ್ಚಿಯನ್ನು ಮತ್ತೆ ಮತ್ತೆ ಒರೆಸುತ್ತಿದ್ದ.

ಎರಡು ವಾರ ಕಳೆದು, ಮಗಳ ರಜೆಯಲ್ಲಿ ಮತ್ತೆ ಪಾಸ್ತಾ. ಒಂದು ಗಂಟೆಯಾಯಿತು, ಅಣ್ಣ ಸೂಜಿ ಮುಟ್ಟಲಿಲ್ಲ. ಒಂದೂವರೆಗೆ ರಸ್ತೆಯಾಚೆಯಿಂದ ಕೂಗು ಬಂತು, "ಅಪ್ಪಾ, ಇಳಿಸ್ದೆ!" ಆಗ ಚುಚ್ಚಿಕೊಂಡ. ಹೊಸ ಗಿರಾಕಿಯನ್ನು ಕೂರಿಸದೆ ಅಂಗಡಿ ಬಾಗಿಲು ಎಳೆದು, ಮನೆಯಲ್ಲೇ ಅರ್ಧ ಗಂಟೆ ಕಾದು, ಎಂದಿನ ಊಟದ ಜೊತೆ ಪಾಸ್ತಾ ಸ್ವಲ್ಪವೇ ಬಡಿಸಿಕೊಂಡು ತಿಂದ.

ನಾಲ್ಕು ಗಂಟೆಗೆ ಪೋಸ್ಟ್‌ಮ್ಯಾನ್ ಬಂದು, ಮತ್ತೆ ತೆರೆದ ಅಂಗಡಿಯ ಬಾಗಿಲಲ್ಲಿ ನಿಂತರು. "ಏನಣ್ಣಾ, ಊಟ ಆಯ್ತಾ?"

"ಆಯ್ತು. ಸಕ್ಕರೆ ಈಗಷ್ಟೇ ನೋಡಿದೆ, ನೂರ ನಲವತ್ತು," ಎಂದು ಅಣ್ಣ ಬಲಗೈ ಚಾಚಿ ತೋರಿಸಿದ. ಒಂದು ಬೆರಳೂ ಅಲುಗಲಿಲ್ಲ.

ಪೋಸ್ಟ್‌ಮ್ಯಾನ್ ಚೀಲ ಇಳಿಸಿ ಕುರ್ಚಿಯಲ್ಲಿ ಕೂತರು. ಗಲ್ಲ ಮೇಲೆತ್ತಿ ಕಣ್ಣು ಮುಚ್ಚಿಕೊಂಡರು.

ಇನ್ಸುಲಿನ್ ತೆಗೆದುಕೊಳ್ಳುವ ಅಕ್ಕ, ಅಣ್ಣಂದಿರೇ, ನಿಮ್ಮ ಇನ್ಸುಲಿನ್ ಊಟಕ್ಕೆ ಎಷ್ಟು ಹೊತ್ತು ಮುಂಚೆ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಎಲ್ಲರದೂ ಒಂದೇ ಅಲ್ಲ. ಬೆವರು, ನಡುಕ, ತಲೆ ಸುತ್ತು ಬಂದರೆ ಸಂಕೋಚ ಬೇಡ, ಕೂಡಲೇ ಸಕ್ಕರೆ ನೀರು ಕುಡಿಯಿರಿ. ಮನೆಯವರೇ, ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಹೊಸ ರುಚಿ ನೋಡುವ ಆಸೆ ಯಾರಿಗಿಲ್ಲ? ನೋಡಿ. ಅಡುಗೆ ಇಳಿದಿದೆಯಾ ಎಂದು ಒಂದು ಮಾತು ಕೇಳಿ, ಆಮೇಲೆ ಸೂಜಿ ಹಿಡಿಯಿರಿ.